ಹೆಸರು ಕಳೆದುಕೊಂಡ ಡ್ರಮ್ಮು

ನಿಮ್ಮ ಮನೆಯ ಬಾಲ್ಕನಿಯಲ್ಲೋ ಬಚ್ಚಲಿನ ಮೂಲೆಯಲ್ಲೋ ನೀರು ತುಂಬಿಡುವ ನೀಲಿ ಡ್ರಮ್ಮು ಇದೆಯೇ? ಮುಂಬೈ, ಚೆನ್ನೈ, ಹೈದರಾಬಾದುಗಳಲ್ಲಿರುವ ನಮಗೆ ನಲ್ಲಿ ನೀರಿನ ಪಾಡು ಗೊತ್ತೇ ಇದೆ. ಹೊಸದಾಗಿ ಕೊಂಡ ಡ್ರಮ್ಮಾದರೆ ಚಿಂತೆಯಿಲ್ಲ. ಗುಜರಿಯವರ ಬಳಿ ಅಗ್ಗಕ್ಕೆ ಸಿಕ್ಕಿತೆಂದು ತಂದಿದ್ದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ಅದರಲ್ಲಿ ಮೊದಲು ಏನಿತ್ತು? ಉತ್ತರ ಗೊತ್ತಿಲ್ಲವೆಂದರೆ ಈ ಮಾತು ನಿಮಗಾಗಿಯೇ.

ಒಂದು ಕಾಲಕ್ಕೆ ಊರಾಚೆ ಇದ್ದ ಕಾರ್ಖಾನೆಗಳು, ಊರು ಬೆಳೆದಂತೆ ಊರ ನಡುವೆಯೇ ಉಳಿದುಬಿಟ್ಟಿವೆ. ಅಂಥದೊಂದು ಮುಚ್ಚಿದರೆ ಆ ಜಾಗದಲ್ಲಿ ಮನೆಗಳು ಏಳುತ್ತವೆ. ಅದಕ್ಕೂ ಮುಂಚೆ ಹಳೆಯ ಟ್ಯಾಂಕು, ಪೈಪು, ರಾಸಾಯನಿಕ ಹೀರಿದ ಮಣ್ಣು ಎಲ್ಲವನ್ನೂ ತೆಗೆಯಬೇಕು. ಇಂಥ ಅಗೆತದ ಕೆಲಸಕ್ಕೆ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ನಮ್ಮ ಜನರೂ ಹೋಗುತ್ತಾರೆ. ಇದು ಕಸ ಗುಡಿಸಿದಷ್ಟು ಸುಲಭದ ಕೆಲಸವಲ್ಲ. ತ್ಯಾಜ್ಯಕ್ಕೆ ಅದರ ಹೆಸರು ಅಂಟಿಕೊಂಡಿರುವವರೆಗೆ ಅದನ್ನು ಹದ್ದುಬಸ್ತಿನಲ್ಲಿ ಇಡಬಹುದು. ಹೆಸರು ಕಳಚಿತೋ, ಅಪಾಯ ಶುರುವಾಯಿತು.

2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ಇದೇ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ವರ್ಷಗಳಿಂದ ಬಳಕೆಯಿಲ್ಲದೆ ಬಿದ್ದಿದ್ದ ಒಂದು ಯಂತ್ರವನ್ನು ಹರಾಜು ಹಾಕಿದರು. ಅದರೊಳಗೆ ಕೋಬಾಲ್ಟ್-60 ಎಂಬ ವಿಕಿರಣ ವಸ್ತುವಿತ್ತು. ಗುಜರಿ ಅಂಗಡಿಯವರ ಕಣ್ಣಿಗೆ ಅದು ಬರೀ ಲೋಹ. ಬಿಚ್ಚಿದರು, ಕತ್ತರಿಸಿದರು. ಹಲವರು ಆಸ್ಪತ್ರೆ ಸೇರಿದರು, ಒಬ್ಬರು ಪ್ರಾಣ ಕಳೆದುಕೊಂಡರು. ವಿಕಿರಣ ವಸ್ತುಗಳ ಕಾಯದೆ ಬೇರೆ, ನಿಜ. ಪಾಠ ಮಾತ್ರ ಒಂದೇ.

ಹಾಗಾದರೆ ಸರಿಯಾದ ಕ್ರಮ ಯಾವುದು? 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಪ್ರಕಾರ, ತ್ಯಾಜ್ಯ ತುಂಬಿದ ಪ್ರತಿ ಡ್ರಮ್ಮಿಗೂ ಹಳದಿ ಹಿನ್ನೆಲೆಯ ಚೀಟಿ ಇರಬೇಕು. 'ಅಪಾಯಕಾರಿ ತ್ಯಾಜ್ಯ' ಎಂಬ ಮಾತು ಕೆಂಪು ಅಕ್ಷರಗಳಲ್ಲಿ ಹಿಂದಿ, ಇಂಗ್ಲಿಷ್ ಮತ್ತು ಸ್ಥಳೀಯ ಭಾಷೆಯಲ್ಲಿ ಕಾಣಬೇಕು. ಸಾಮಾನ್ಯವಾಗಿ 90 ದಿನಗಳಿಗಿಂತ ಹೆಚ್ಚು ಕಾಲ ಅದನ್ನು ಇಟ್ಟುಕೊಳ್ಳುವಂತಿಲ್ಲ. ಲಾರಿ ಹೊರಟರೆ ಜೊತೆಗೆ ಏಳು ಪ್ರತಿಗಳ ರವಾನೆ ಪತ್ರ. ಕಳಿಸಿದವರು ಯಾರು, ಒಯ್ದವರು ಯಾರು, ಪಡೆದವರು ಯಾರು ಎಂಬುದಕ್ಕೆ ಅದೇ ಸಾಕ್ಷಿ.

ಸುಡಬೇಕಾದ ತ್ಯಾಜ್ಯವನ್ನು ಇಡುವ ಶೆಡ್ಡಿಗೂ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಇದೆ. ಸೋರಿದ್ದು ಮಣ್ಣಿಗೆ ಇಳಿಯದಂತೆ ಕಾಂಕ್ರೀಟ್ ನೆಲ ಇರಬೇಕು, ಮಳೆನೀರು ಒಳಗೆ ಬರಬಾರದು. ಡ್ರಮ್ಮಿನ ಮೇಲೆ ಡ್ರಮ್ಮು ಮೂರಕ್ಕಿಂತ ಎತ್ತರ ಪೇರಿಸಬಾರದು. ಬೇಗ ಬೆಂಕಿ ಹತ್ತುವಂಥದ್ದಾದರೆ ಒಂದರ ಮೇಲೊಂದು ಇಡಲೇಬಾರದು. ಒಂದಕ್ಕೊಂದು ಆಗದ ರಾಸಾಯನಿಕಗಳನ್ನು ದೂರವಿಡಬೇಕು. ಸಯನೈಡ್ ಇರುವ ತ್ಯಾಜ್ಯಕ್ಕೆ ಆಮ್ಲ ಸೋಕಿದರೆ ಪ್ರಾಣ ತೆಗೆಯುವ ಅನಿಲ ಏಳುತ್ತದೆ. ಆದರೆ ಚೀಟಿಯೇ ಇಲ್ಲದಿದ್ದರೆ ಯಾವುದನ್ನು ಯಾವುದರಿಂದ ದೂರವಿಡುವುದು?

ಇನ್ನು ಭೋಪಾಲದ ಮಾತು. 1984ರ ಅನಿಲ ದುರಂತದ ನಂತರ ಮುಚ್ಚಿದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತ್ಯಾಜ್ಯದಲ್ಲಿ ಒಂದು ಪಾಲನ್ನು 2005ರಲ್ಲಿ ಒಟ್ಟುಮಾಡಿ ಅಲ್ಲಿಯೇ ಶೆಡ್ಡಿನಲ್ಲಿಟ್ಟರು. 2025ರ ಜನವರಿಯಲ್ಲಿ, ಹೈಕೋರ್ಟಿನ ಆದೇಶದ ಮೇರೆಗೆ, 12 ಕಂಟೈನರುಗಳು 337 ಟನ್ ಹೊತ್ತು ಸುಮಾರು 250 ಕಿಲೋಮೀಟರ್ ದೂರದ ಪೀಥಂಪುರಕ್ಕೆ ಹೊರಟವು. ಅದರಲ್ಲಿ 162 ಟನ್ ಮಣ್ಣು, 92 ಟನ್ ಸೆವಿನ್ ಮತ್ತು ನ್ಯಾಫ್ತಾಲ್ ಉಳಿಕೆ, 54 ಟನ್ ಅರೆತಯಾರಾದ ಕೀಟನಾಶಕ, 29 ಟನ್ ರಿಯಾಕ್ಟರಿನ ತ್ಯಾಜ್ಯ. ಹೀಗೆ ಲೆಕ್ಕ ಕೊಡಲು ಸಾಧ್ಯವಾದದ್ದು ಅದನ್ನು ಬಗೆಬಗೆಯಾಗಿ ಗುರುತಿಸಿದ್ದರಿಂದ.

ಆದರೂ ಪೀಥಂಪುರದ ಜನ ಬೀದಿಗಿಳಿದರು. ತಪ್ಪೆನ್ನಲಾದೀತೇ? ತಮ್ಮೂರಿಗೆ ಬಂದದ್ದೇನು, ಅದನ್ನು ಏನು ಮಾಡುತ್ತಾರೆ ಎಂದು ಜನರಿಗೆ ಮೊದಲೇ ತಿಳಿಯಬೇಡವೇ? ಡ್ರಮ್ಮಿನ ಮೇಲಿನ ಹೆಸರು ನೆರೆಯವರ ಕಿವಿಗೂ ಬೀಳಬೇಕು. ಆ ವರ್ಷದ ಜೂನ್ ಕೊನೆಗೆ ಸುಡುವ ಕೆಲಸ ಮುಗಿಯಿತು. ಸುಡುವಾಗ ಸುಣ್ಣ ಮೊದಲಾದವನ್ನು ಸೇರಿಸುವುದರಿಂದ ಉಳಿದ ಬೂದಿ ಮತ್ತಿತರ ವಸ್ತು 800 ಟನ್ ದಾಟಿತು. ಅದನ್ನೂ ಚೀಟಿ ಹಚ್ಚಿ ಕಾಯಬೇಕು. ಅತ್ತ ಭೋಪಾಲದ ಮಣ್ಣು, ಅಂತರ್ಜಲಕ್ಕೆ ಇಳಿದ ವಿಷ ಬೇರೆಯೇ ಇದೆ. ಲಾರಿ ಹೊರಟ ಮಾತ್ರಕ್ಕೆ ಹೊಣೆ ಮುಗಿಯುವುದಿಲ್ಲ.

ಹೀಗೆ ಅಗೆಯುವ ಜಾಗದಲ್ಲಿ ನೀವೋ ನಿಮ್ಮ ಪರಿಚಯದವರೋ ಕೆಲಸ ಮಾಡುತ್ತಿದ್ದರೆ ಇಷ್ಟು ಹೇಳಿ. ಚೀಟಿಯಿಲ್ಲದ ಡ್ರಮ್ಮು ಕಂಡರೆ ಮುಚ್ಚಳ ತೆಗೆಯಬೇಡಿ, ಮೂಸಿ ನೋಡಬೇಡಿ, ಉರುಳಿಸಬೇಡಿ. ದೂರ ಸರಿದು ಮೇಲ್ವಿಚಾರಕರಿಗೆ ತಿಳಿಸಿ. ಅವರು ಕೇಳದಿದ್ದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡಿ. ಕೆಲಸದ ಬಟ್ಟೆಯನ್ನು ಮಕ್ಕಳ ಬಟ್ಟೆಯೊಡನೆ ನೆನೆಸಬೇಡಿ.

ಕೊನೆಯದಾಗಿ ಆ ನೀಲಿ ಡ್ರಮ್ಮು. ರಾಸಾಯನಿಕ ಅಂಟಿದ ಖಾಲಿ ಡ್ರಮ್ಮನ್ನೂ ಅಪಾಯಕಾರಿ ತ್ಯಾಜ್ಯವೆಂದೇ ನಮ್ಮ ನಿಯಮ ಎಣಿಸುತ್ತದೆ. ನಾವು ಎಷ್ಟೇ ಸೋಪು ಹಾಕಿ ಉಜ್ಜಿದರೂ ಪ್ಲಾಸ್ಟಿಕ್ ಹೀರಿಕೊಂಡದ್ದು ಪೂರ್ತಿ ಹೋಗುವುದಿಲ್ಲ. ಹಿಂದೆ ಏನಿತ್ತೆಂದು ಗೊತ್ತಿಲ್ಲದ ಡ್ರಮ್ಮಿನ ನೀರನ್ನು ಕುಡಿಯುವುದಕ್ಕಾಗಲಿ, ಅಡುಗೆಗಾಗಲಿ, ಮಗುವಿನ ಸ್ನಾನಕ್ಕಾಗಲಿ ಬಳಸಬೇಡಿ. ಉಳಿಯುವ ನಾಲ್ಕು ಕಾಸಿಗಿಂತ ಮನೆಯವರ ಆರೋಗ್ಯ ದೊಡ್ಡದು.