ಹಂದಿ ತಿನ್ನದವರಿಗೂ ಲಾಡಿಹುಳುವಿನ ಫಿಟ್ಸ್
(ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳು)



ಹೋದ ತಿಂಗಳ ಸಭೆಯಲ್ಲಿ ಒಬ್ಬ ತಾಯಿ ಅತ್ತರು. ಮಗಳಿಗೆ ಎರಡು ಸಲ ಫಿಟ್ಸ್ ಬಂದಿತ್ತು. ಸಂಘದಿಂದ ತೆಗೆದ ಸಾಲ ಮಂತ್ರವಾದಿಗೇ ಹೋಯಿತು. ಕಡೆಗೆ ಸ್ಕ್ಯಾನ್ ಮಾಡಿಸಿದಾಗ ಮೆದುಳಲ್ಲಿ ಲಾಡಿಹುಳುವಿನ ಗುಳ್ಳೆ ಇದೆ ಅಂದರಂತೆ. "ಸಿಸ್ಟರ್, ನಮ್ಮ ಒಲೆ ಮೇಲೆ ಹಂದಿ ಮಾಂಸ ಇಟ್ಟಿದ್ದೇ ಇಲ್ಲ, ಜನ ಏನಂತಾರೆ?"

ಈ ತಪ್ಪು ತಿಳುವಳಿಕೆಗೆ ನಾವೂ ಕಾರಣ. ಹಂದಿ ಮಾಂಸ ಚೆನ್ನಾಗಿ ಬೇಯಿಸಿ ಎಂದಷ್ಟೇ ವರ್ಷಗಟ್ಟಲೆ ಹೇಳುತ್ತಾ ಬಂದೆವು. ಅದು ಅರ್ಧ ಮಾತು. ಬೇಯದ ಮಾಂಸದಲ್ಲಿ ಗುಳ್ಳೆಗಳಿದ್ದರೆ ತಿಂದವರ ಕರುಳಲ್ಲಿ ಲಾಡಿಹುಳು ಬೆಳೆಯುತ್ತದೆ. ಅವರಿಗೆ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ಆದರೆ ಅವರ ಮಲದಲ್ಲಿ ಸಾವಿರಾರು ಮೊಟ್ಟೆ ಹೊರಬರುತ್ತವೆ. ಕಕ್ಕಸಿಗೆ ಹೋಗಿ ಕೈ ತೊಳೆಯದವರ ಉಗುರಿನಿಂದ, ಹೊಲಸು ನೀರು ಹಾಯಿಸಿದ ಕೊತ್ತಂಬರಿ, ಮೂಲಂಗಿಯಿಂದ ಅವು ಇನ್ನೊಬ್ಬರ ಬಾಯಿ ಸೇರುತ್ತವೆ. ಫಿಟ್ಸಿಗೆ ಮೂಲ ಈ ಮೊಟ್ಟೆಗಳು. ಅಮೆರಿಕದ ನ್ಯೂಯಾರ್ಕಿನಲ್ಲಿ, ಧರ್ಮದ ಕಾರಣಕ್ಕೆ ಹಂದಿ ಮುಟ್ಟದ ಯಹೂದ್ಯರಲ್ಲೂ ಈ ಕಾಯಿಲೆ ಕಂಡದ್ದನ್ನು ವೈದ್ಯರು 1992ರಲ್ಲಿ ವರದಿ ಮಾಡಿದರು. ಈ ಹುಳು ಹೆಚ್ಚಿರುವ ಪ್ರದೇಶಗಳಲ್ಲಿ ನೂರು ಮಂದಿ ಮೂರ್ಛೆರೋಗಿಗಳಲ್ಲಿ ಸುಮಾರು 30 ಮಂದಿಗೆ ಇದೇ ಕಾರಣ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಮರಿಹುಳು ರಕ್ತದ ಮೂಲಕ ಮೆದುಳಿಗೆ ಹೋಗಿ, ಗುಳ್ಳೆಯಾಗಿ ವರ್ಷಗಟ್ಟಲೆ ಸುಮ್ಮನಿರಬಹುದು. ವಿಚಿತ್ರವೆಂದರೆ ಬದುಕಿದ್ದಾಗಿಗಿಂತ ಸಾಯುವಾಗಲೇ ಅದರ ಕಾಟ ಹೆಚ್ಚು. ನಮ್ಮ ದೇಹ ಅದರ ಮೇಲೆ ತಿರುಗಿ ಬೀಳುತ್ತದೆ, ಸುತ್ತ ಊತ ಏಳುತ್ತದೆ, ಫಿಟ್ಸ್ ಬರುತ್ತದೆ. ಅದಕ್ಕೇ ಫಿಟ್ಸ್ ಬಂದವರಿಗೆ ಅಂಗಡಿಯಿಂದ ಹುಳದ ಮಾತ್ರೆ ತಂದು ಕೊಡಬೇಡಿ. ಹುಳುಗಳು ಒಟ್ಟಿಗೆ ಸತ್ತರೆ ಊತ ಹೆಚ್ಚಾಗಿ ಜೀವಕ್ಕೇ ಕುತ್ತು. ವೈದ್ಯರು ಸ್ಕ್ಯಾನ್ ನೋಡಿ, ಬೇಕಾದವರಿಗೆ ಮಾತ್ರ, ಊತ ಇಳಿಸುವ ಔಷಧಿಯ ಜೊತೆಗೇ ಅದನ್ನು ಕೊಡುತ್ತಾರೆ. ಶಾಲೆ, ಅಂಗನವಾಡಿಯಲ್ಲಿ ಕೊಡುವ ಮಾತ್ರೆಗೆ ಹೆದರಬೇಕಾಗಿಲ್ಲ. ಫಿಟ್ಸ್ ಇರುವ ಮಗುವಾದರೆ ಮೊದಲೇ ತಿಳಿಸಿ. ಫಿಟ್ಸ್ ಮಾತ್ರೆಯನ್ನು ವೈದ್ಯರು ಹೇಳದೆ ನಿಲ್ಲಿಸಬೇಡಿ. ಮನೆಯವರೆಲ್ಲರ ಮಲ ಪರೀಕ್ಷೆ ಮಾಡಿಸಿ, ನಾಚಿಕೆ ಬೇಡ.

ಫಿಟ್ಸ್ ಬಂದಾಗ ಕೈಗೆ ಕಬ್ಬಿಣ, ಬಾಯಿಗೆ ಚಮಚ ಬೇಡ್ವೇ ಬೇಡ. ಪಕ್ಕಕ್ಕೆ ತಿರುಗಿಸಿ ಮಲಗಿಸಿ. 5 ನಿಮಿಷ ದಾಟಿದರೆ ಆಸ್ಪತ್ರೆಗೆ ಹೊರಡಿ.

ಆ ಹುಡುಗಿ ಈಗ ಮಾತ್ರೆ ತಗೊಂಡು ಶಾಲೆಗೆ ಹೋಗ್ತಿದ್ದಾಳೆ. ಆದರೆ ಬೆಂಚಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿಲ್ಲ. ಫಿಟ್ಸ್ ಮುಟ್ಟಿದರೆ ಅಂಟುವುದಿಲ್ಲ ಅಂತ ಹೇಳಲು ಮುಂದಿನ ವಾರ ನಾವು ಆ ಶಾಲೆಗೆ ಹೋಗುತ್ತಿದ್ದೇವೆ. ನಿಮ್ಮಲ್ಲಿ ಯಾರ್ಯಾರು ಬರ್ತೀರಿ?