ತೋರಿಸಿದವನೇ ಆರೋಪಿಯಾದಾಗ

(ಮೈಸೂರಿನ ಮಂಡಿ ಮೊಹಲ್ಲಾದಲ್ಲಿ ಮಾಡಿದ ಭಾಷಣದ ಬರಹರೂಪ)



ಜಗತ್ತು ಕಾಣಲೊಲ್ಲದ ಸುದ್ದಿಯನ್ನು ಹೊರತರುವ ಪತ್ರಕರ್ತರ ಕುರಿತು ಮಾತನಾಡಬೇಕೆಂಬುದು ಸಂಘಟಕರ ಅಪೇಕ್ಷೆ. ಈ ವಿಷಯ ಬಂದೊಡನೆ ನಮಗೆ ದೂರದ ಹೆಸರುಗಳೇ ನೆನಪಾಗುತ್ತವೆ. ವಿಯೆಟ್ನಾಮಿನ ಮೈ ಲಾಯ್ ಹತ್ಯಾಕಾಂಡವನ್ನು 1969ರಲ್ಲಿ ಬಯಲಿಗೆಳೆದ ಅಮೆರಿಕದ ಸೈಮೋರ್ ಹರ್ಶ್ ಒಬ್ಬರು. ವಿಚಾರಣೆಯೇ ಇಲ್ಲದೆ ಗ್ವಾಂಟನಾಮೋ ಸೆರೆಯಲ್ಲಿ ವರ್ಷಗಟ್ಟಲೆ ಕೊಳೆತು 2008ರಲ್ಲಿ ಹೊರಬಂದ ಅಲ್ ಜಝೀರಾದ ಕ್ಯಾಮೆರಾಮನ್ ಸಾಮಿ ಅಲ್ ಹಾಜ್ ಇನ್ನೊಬ್ಬರು. ಆದರೆ ನಾವಿಂದು ಹೇಳಹೊರಟಿರುವುದು ನಮ್ಮ ಕರಾವಳಿಯ ನವೀನ್ ಸೂರಿಂಜೆಯವರ ಕಥೆಯನ್ನು.

2012ರ ಜುಲೈ 28ರಂದು ಮಂಗಳೂರಿನ ಪಡೀಲ್‌ನ ಹೋಮ್‌ಸ್ಟೇ ಒಂದರಲ್ಲಿ ಹುಟ್ಟುಹಬ್ಬ ಆಚರಿಸುತ್ತಿದ್ದ ಯುವಕ ಯುವತಿಯರ ಮೇಲೆ, ಸಂಸ್ಕೃತಿ ರಕ್ಷಣೆಯ ಹೆಸರಿನಲ್ಲಿ ಗುಂಪೊಂದು ದಾಳಿ ಮಾಡಿತು. ಕಸ್ತೂರಿ ವಾಹಿನಿಯ ವರದಿಗಾರರಾಗಿದ್ದ ನವೀನ್ ಅದನ್ನು ಚಿತ್ರೀಕರಿಸಿದರು. ಹೆಣ್ಣುಮಕ್ಕಳನ್ನು ಥಳಿಸುವ ದೃಶ್ಯವನ್ನು ದೇಶವೇ ನೋಡಿತು. ದಾಳಿಕೋರರ ಮುಖಗಳು ಬಯಲಾದವು. ಆ ದೃಶ್ಯಗಳಿಲ್ಲದಿದ್ದರೆ ಅದು ಒಳಪುಟದ ನಾಲ್ಕು ಸಾಲಿನ ಸುದ್ದಿಯಾಗಿ ಮುಗಿಯುತ್ತಿತ್ತು. ಕರಾವಳಿಯಲ್ಲಿ ಅಂತಹ ಎಷ್ಟೋ ದಾಳಿಗಳು ಹಾಗೆಯೇ ಮುಗಿದಿವೆ.

ಮುಂದೆ ನಡೆದುದೇನು? ದಾಳಿಕೋರರ ಜೊತೆ ನವೀನರನ್ನೂ ಆರೋಪಿಯನ್ನಾಗಿಸಲಾಯಿತು. ಪೊಲೀಸರಿಗೆ ಕರೆ ಮಾಡಲು ಯತ್ನಿಸಿದ್ದೆನೆಂದು ಅವರು ಹೇಳಿದರೂ ನವೆಂಬರ್ 7ರಂದು ಬಂಧನವಾಯಿತು. ಡಿಸೆಂಬರಿನಲ್ಲಿ ಹೈಕೋರ್ಟು ಜಾಮೀನು ನಿರಾಕರಿಸಿತು. ಜಾಮೀನು ದೊರೆತದ್ದು 2013ರ ಮಾರ್ಚಿನಲ್ಲಿ. ಪತ್ರಕರ್ತರು ರಾಜ್ಯದಾದ್ಯಂತ ಬೀದಿಗಿಳಿದರು. ಅವರ ಮೇಲಿನ ಮೊಕದ್ದಮೆಯನ್ನು ಸರಕಾರ ಕೊನೆಗೆ ಹಿಂಪಡೆಯಿತು. ಇನ್ನು ಹೋಮ್‌ಸ್ಟೇ ದಾಳಿಯ ಆರೋಪಿಗಳು 2024ರಲ್ಲಿ ಮಂಗಳೂರಿನ ನ್ಯಾಯಾಲಯದಲ್ಲಿ ಖುಲಾಸೆಗೊಂಡರು. ತೋರಿಸಿದವನು ನಾಲ್ಕು ತಿಂಗಳಿಗೂ ಮಿಕ್ಕಿ ಸೆರೆಮನೆಯಲ್ಲಿದ್ದ. ಥಳಿಸಿದವರು ಇವರೇ ಎಂದು ಹನ್ನೆರಡು ವರ್ಷಗಳಲ್ಲಿಯೂ ಸಾಬೀತಾಗಲಿಲ್ಲ!

ನವೀನರ ವೃತ್ತಿಜೀವನ ಈ ಒಂದು ಪ್ರಕರಣಕ್ಕೆ ಸೀಮಿತವಲ್ಲ. 'ಕುತ್ಲೂರು ಕಥನ' ಅವರದೇ ಕೃತಿ. ಕುತ್ಲೂರು ಬೆಳ್ತಂಗಡಿ ತಾಲೂಕಿನಲ್ಲಿ, ಕುದುರೆಮುಖ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿರುವ ಮಲೆಕುಡಿಯ ಆದಿವಾಸಿಗಳ ಊರು. ಅಲ್ಲಿಯ ವಿಠಲ ಮಲೆಕುಡಿಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಪತ್ರಿಕೋದ್ಯಮವನ್ನೇ ಓದುತ್ತಿದ್ದ ತರುಣ. 2012ರ ಮಾರ್ಚಿನಲ್ಲಿ ನಕ್ಸಲ್ ನಂಟಿನ ಆರೋಪದ ಮೇಲೆ ಅವರನ್ನೂ ತಂದೆ ಲಿಂಗಪ್ಪನವರನ್ನೂ ಯುಎಪಿಎ ಕಾಯ್ದೆಯಡಿ ಬಂಧಿಸಲಾಯಿತು. ಮನೆಯಲ್ಲಿ ಸಿಕ್ಕ ಸಾಕ್ಷ್ಯವೆಂದರೆ ಪತ್ರಿಕೆಯ ತುಣುಕುಗಳು, ಭಗತ್ ಸಿಂಗರ ಪುಸ್ತಕ, ಊರಿಗೆ ಮೂಲಸೌಕರ್ಯ ಸಿಗುವವರೆಗೆ ಚುನಾವಣೆ ಬಹಿಷ್ಕರಿಸಬೇಕೆಂಬ ಪತ್ರ. ನಿರ್ದೋಷಿಗಳೆಂದು ತೀರ್ಪು ಬಂದದ್ದು 2021ರ ಅಕ್ಟೋಬರಿನಲ್ಲಿ.

ಪುಸ್ತಕವೂ ಪತ್ರವೂ ಸಾಕ್ಷ್ಯವಾಗುವುದು, ವರ್ಷಗಳ ನಂತರ ಬಿಡುಗಡೆಯಾಗುವುದು ನಮ್ಮ ಸಮುದಾಯಕ್ಕೆ ಅಪರಿಚಿತವಲ್ಲ. ಆದರೂ ಮಲೆಕುಡಿಯರ ಮನೆಯಲ್ಲಿ ಇದು ನಡೆದಾಗ ನಮ್ಮಲ್ಲಿ ಎಷ್ಟು ಮಂದಿ ಆ ಸುದ್ದಿಯನ್ನು ಪೂರ್ತಿ ಓದಿದೆವು? ನಮ್ಮ ಹುಡುಗನ ಮೇಲೆ ಹಲ್ಲೆಯಾದಾಗ 'ಮಾಧ್ಯಮಗಳು ಎಲ್ಲಿವೆ?' ಎಂದು ಕೇಳುವ ನಾವು, ಇತರರ ಸರದಿ ಬಂದಾಗ ಪುಟ ತಿರುಗಿಸುತ್ತೇವೆ. ನವೀನ್ ಹಾಗೆ ಮಾಡಲಿಲ್ಲ. ಅವರು ನಮ್ಮ ಸಮುದಾಯದವರಲ್ಲ, ಮಲೆಕುಡಿಯರೂ ಅಲ್ಲ.

ಇನ್ನೊಂದು ಮಾತು. ಇಲ್ಲಿ ಕುಳಿತಿರುವ ಹೆತ್ತವರು ಮಕ್ಕಳನ್ನು ಡಾಕ್ಟರ್, ಇಂಜಿನಿಯರ್ ಮಾಡಲು ಸಾಲ ಮಾಡಿಯಾದರೂ ಓದಿಸುತ್ತಾರೆ, ಒಳ್ಳೆಯದೇ. ಮಾನಸಗಂಗೋತ್ರಿಯಲ್ಲಿ ಪತ್ರಿಕೋದ್ಯಮ ವಿಭಾಗವೂ ಇದೆ. ಮಂಡಿ ಮೊಹಲ್ಲಾದಿಂದ ಅದು ಆಟೋದಲ್ಲಿ ಹೋಗಿಬರುವಷ್ಟೇ ದೂರ. ಮಗಳೊಬ್ಬಳು ಅಲ್ಲಿ ಸೇರುತ್ತೇನೆಂದರೆ 'ಸಂಬಳವೆಷ್ಟು?' ಎಂದು ಕೇಳುತ್ತೇವೆ. ಸಂಬಳ ಕಡಿಮೆ, ನಿಜ; ಅಪಾಯವೂ ಇದೆ, ಈಗ ತಾನೇ ಹೇಳಿದೆವು. ಅದೆಲ್ಲ ತಿಳಿದೂ ಆಕೆ ಹಟ ಹಿಡಿದರೆ ಅರ್ಜಿ ತುಂಬಲು ಬಿಡಿ.