ಮಳೆಗಾಲಕ್ಕೂ ಒಂದು ಹೂವಿರಲಿ
(ಮಲೆನಾಡಿನ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಉಪನ್ಯಾಸ)



ಹೂದೋಟ ನಮ್ಮ ಕಣ್ಣಿಗೆ ಹಬ್ಬ. ಜೇನು, ದುಂಬಿ, ಚಿಟ್ಟೆಗಳಿಗೆ ಅದೇ ಅನ್ನ. ಇದನ್ನು ನಾನು ಕಲಿತದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ ಅಂಗಳದಂಚಿನ ಲಕ್ಕಿ ಬೇಲಿಯನ್ನು ಕಡಿಸಿ ತಂತಿ ಹಾಕಿಸಿದೆ; ಹಲವು ಸುತ್ತು ಎಸಳಿನ ದಾಸವಾಳ, ಗುಲಾಬಿಗಳನ್ನು ತಂದು ನೆಟ್ಟೆ. ಅಂಗಳ ಚೆಲುವಾಯಿತು. ಆದರೆ ಆ ಆಷಾಢದಲ್ಲಿ ಪೆಟ್ಟಿಗೆಯ ತುಡುವೆ ಜೇನು ಬರಿದಾದ ಎರಿಗಳನ್ನು ಬಿಟ್ಟು ಹಾರಿಹೋಯಿತು. ಆಹಾರ ತೀರಿದರೆ ಗೂಡು ತೊರೆಯುವುದು ತುಡುವೆಯ ಸ್ವಭಾವ. ಬೇಲಿಯೊಂದೇ ಕಾರಣವೆನ್ನಲಾರೆ, ಆದರೆ ನನ್ನ ಹೊಸ ತೋಟದಲ್ಲಿ ಅದಕ್ಕೆ ಉಣ್ಣಲು ಏನೂ ಇರಲಿಲ್ಲ. ಎಸಳು ಹೆಚ್ಚಿದ ಹೂಗಳಲ್ಲಿ ಕೇಸರಗಳೇ ಎಸಳುಗಳಾಗಿರುತ್ತವೆ, ಪರಾಗ ಕಡಿಮೆ.

ಮಲೆನಾಡಿನ ಜೇನಿಗೆ ಬರಗಾಲವೆಂದರೆ ಮಳೆಗಾಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದ ಮೇಲೆ ಕಾಫಿ ಅರಳುತ್ತದೆ, ನೇರಳೆ ಹೂಬಿಡುತ್ತದೆ. ಜೂನ್ ಕಳೆದರೆ ಹೂವೂ ವಿರಳ, ಹಾರಲು ಬಿಸಿಲೂ ವಿರಳ. ಏಲಕ್ಕಿ ಅರಳುವುದು ಆ ದಿನಗಳಲ್ಲಿಯೇ. ಅದರ ಹೂವಿನ ಆಯಸ್ಸು ಒಂದೇ ದಿನ; ಅಂದು ಜೇನು ಬಾರದಿದ್ದರೆ ಕಾಯಿ ಕಟ್ಟುವುದು ಕಷ್ಟ. 1990ರ ದಶಕದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಅಪಾರವಾಗಿ ನಾಶಮಾಡಿತು. ರೋಗವನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲದಿರಬಹುದು. ಹಸಿವನ್ನು ತಡೆಯುವುದು ನಮ್ಮ ಕೈಯಲ್ಲಿದೆ.

ಆದ್ದರಿಂದ ಗಿಡಗಳನ್ನು ಋತುವಿಗನುಗುಣವಾಗಿ ಆರಿಸೋಣ. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಹೂಕೊಡುವ ಗಿಡಗಳೇ ಸಾಕು. ಮಳೆಗಾಲಕ್ಕೆ ಲಕ್ಕಿ, ರತ್ನಗಂಧಿ ಮತ್ತು ಬಾಳೆ. ಕೆಳಮುಖವಾಗಿ ತೂಗುವ ಬಾಳೆಯ ಹೂಗಳಿಗೆ ಮೇಲಿನ ಪೊರೆಯೇ ಕೊಡೆ. ಮಳೆ ಕಳೆದ ಮೇಲೆ ಅಂಟುವಾಳ, ಚಳಿಗೆ ಆಡುಸೋಗೆ ಮತ್ತು ನುಗ್ಗೆ. ಬೇಸಿಗೆಗೆ ಕರಿಬೇವು, ಹೊಂಗೆ. ಕೇಪಳದ ಉದ್ದ ಕೊಳವೆಯ ಹೂವಿನಿಂದ ಮಕರಂದ ಹೀರಲು ಚಿಟ್ಟೆಗಳೇ ಬೇಕು. ಅದೂ ಒಂದೆಡೆ ಇರಲಿ. ತುಳಸಿಯ ಕದಿರುಗಳನ್ನೆಲ್ಲ ಚಿವುಟದೆ ಕೆಲವನ್ನು ಅರಳಲು ಬಿಡಿ. ದಾಸವಾಳ ಬೇಕೆಂದರೆ ಹಿಂದಿನವರು ಬೆಳೆಸುತ್ತಿದ್ದ ಐದೆಸಳಿನದನ್ನೇ ನೆಡಿ. ಹೂ ಹೆಚ್ಚೆಂದು ಲಂಟಾನವನ್ನು ತರಬೇಡಿ. ಅದು ಕಾಡನ್ನೇ ನುಂಗುವ ಗಿಡ. ಹೂವರಳಿದಾಗ ಕೀಟನಾಶಕವನ್ನು ಸಿಂಪಡಿಸಬೇಡಿ.

ವಿದ್ಯಾರ್ಥಿಗಳಲ್ಲಿ ಒಂದು ಕೋರಿಕೆ. ನಿಮ್ಮ ಮನೆಯ ಸುತ್ತ ಯಾವ ತಿಂಗಳು ಯಾವ ಹೂ ಅರಳುತ್ತದೆ, ಅದಕ್ಕೆ ಯಾರು ಬರುತ್ತಾರೆ ಎಂದು ಒಂದು ವರ್ಷ ಬರೆದಿಡಿ. ಖಾಲಿ ಉಳಿದ ತಿಂಗಳೇ ನೀವು ತುಂಬಬೇಕಾದ ಸ್ಥಳ. ಲಕ್ಕಿ, ಆಡುಸೋಗೆಗಳು ಕಡ್ಡಿ ನೆಟ್ಟರೆ ಚಿಗುರುತ್ತವೆ. ನೆರೆಮನೆಯಲ್ಲಿ ಕೇಳಿದರೆ ಸಿಗುತ್ತವೆ. ನಾನೂ ತಂತಿಯ ಬುಡದಲ್ಲಿ ಲಕ್ಕಿಯನ್ನು ಮರಳಿ ನೆಟ್ಟಿದ್ದೇನೆ. ಪೆಟ್ಟಿಗೆ ಇನ್ನೂ ಖಾಲಿಯಿದೆ, ಬಾಗಿಲು ತೆರೆದಿದೆ.